ನೀಲಿ ಚುಕ್ಕೆಯ ಚೆಂಡು

ಚಿದಂಬರನ ಗಾಲ್ಫ್ ಆಟ ಕೆಟ್ಟು ಆರು ತಿಂಗಳಾಗಿತ್ತು. ಗುರುತಿಗೆಂದು ಎರಡು ನೀಲಿ ಚುಕ್ಕೆಯಿಟ್ಟ ಅವನ ಚೆಂಡುಗಳು ಒಂದೊಂದಾಗಿ ಪೊದೆ ಸೇರಿ ಕಳೆದುಹೋಗುತ್ತಿದ್ದವು. ಕಳೆದಾಗಲೆಲ್ಲ ಒಂದು ಹೊಡೆತದ ದಂಡ, ದಂಡದ ಮೇಲೆ ಸೋಲು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದವನು. ಪ್ರಯೋಗದಂತೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿದ. ಹೊಸ ಸ್ಟಿಕ್ಕು, ಹೊಸ ಕನ್ನಡಕ, ಬೇರೆ ಹಿಡಿತ. ಸೋತು ಸುಣ್ಣವಾದನೇ ಹೊರತು ಕಾರಣ ಸಿಗಲಿಲ್ಲ.

ಮಂಡಿ ಆಪರೇಷನ್ ಆಗಿ ಅಷ್ಟೂ ತಿಂಗಳು ಮನೆಯಲ್ಲಿದ್ದ ಹಳೆಯ ಜೊತೆಗಾರ ಮುತ್ತಣ್ಣ ಅಂದು ಮತ್ತೆ ಆಟಕ್ಕೆ ಬಂದ.

"ಇವತ್ತೂ ಹೀಗೇ ಆದ್ರೆ ಸ್ಟಿಕ್ಕೆಲ್ಲ ಯಾರಿಗಾದ್ರೂ ಕೊಟ್ಬಿಡ್ತೀನಿ ಕಣೋ," ಎಂದ ಚಿದಂಬರ.

"ಕೊಟ್ಟು? ಮನೇಲಿ ಕೂತು ಹೆಂಡ್ತಿ ಸಾರಲ್ಲಿ ತಪ್ಪು ಹುಡುಕ್ತೀಯಾ? ಸುಮ್ನೆ ಹೊಡಿ."

ಹೊಡೆದ. ಚೆಂಡು ಬಲಕ್ಕೆ ಹೊರಳಿ ಲಂಟಾನ ಪೊದೆಯೊಳಗೆ ಬಿತ್ತು.

"ಹೋಯ್ತು."

"ಎಲ್ಲಿಗೆ ಹೋಗುತ್ತೆ? ನಾನಿದ್ದಾಗ ನಿನ್ ಬಾಲು ಯಾವತ್ತಾದ್ರೂ ಕಳೆದಿದ್ಯಾ?"

ನಿಜವೇ. ಎಷ್ಟೋ ವರ್ಷ ಜೊತೆಯಾಡಿದ್ದರು, ಒಂದೂ ಕಳೆದಿರಲಿಲ್ಲ. ಚಿದಂಬರನ ದಣಿದ ಮನಸ್ಸು ತುಸು ಹಗುರಾಯಿತು. ಮುತ್ತಣ್ಣ ಕುಂಟುತ್ತ ಪೊದೆಯ ಆಚೆಗೆ ಹೋದ. ಚಿದಂಬರ ಈಚೆ ಬಗ್ಗಿ ಮುಳ್ಳು ಸರಿಸತೊಡಗಿದ.

ಸ್ವಲ್ಪ ಹೊತ್ತಿಗೆ ಆಚೆಯಿಂದ ಮುತ್ತಣ್ಣನ ದನಿ ಕೇಳಿತು. "ಸಿಕ್ತು ಬಾರೋ. ಹುಲ್ಲಿನ ಮೇಲೇ ಚೆನ್ನಾಗಿ ಕೂತಿದೆ. ಎರಡು ನೀಲಿ ಚುಕ್ಕೆ, ನಿಂದೇ."

ಆಗಷ್ಟೇ ಮುಳ್ಳಿನೊಳಗಿಂದ ಹೆಕ್ಕಿಕೊಂಡಿದ್ದ, ತಾನು ಈಗ ಹೊಡೆದ ಅದೇ ನೀಲಿ ಚುಕ್ಕೆಯ ಚೆಂಡನ್ನು ಚಿದಂಬರ ಸದ್ದಿಲ್ಲದೆ ಜೇಬಿಗೆ ಹಾಕಿಕೊಂಡು, "ಬಂದೆ," ಎಂದ.