ಬೆಂಚಿನ ಮೇಲಿನ ಕಣ್ಣು

ಮಾಳಪ್ಪ ಇವತ್ತೂ ಬಂದು ಬೆಂಚಿನ ಮೇಲೆ ಕುಳಿತಿದ್ದ. ಅದೂ ವಿಚಾರಣೆ ನಡೆಯುವ ಕೋಣೆಯ ಬಾಗಿಲಿಗೇ ಎದುರಾಗಿ.

ಪ್ರಿಯದರ್ಶಿನಿ ಅವನ ಕಡೆ ನೋಡದೆ ಒಳಗೆ ಹೋದಳು. ಹುನಗುಂದ ಸೀಮೆಯ ಈ ಸರ್ಕಾರಿ ಆಸ್ಪತ್ರೆಗೆ ಅವಳು ಇಂಟರ್ನ್ ಆಗಿ ಸೇರಿದಾಗಿನಿಂದ ಈ ಮನುಷ್ಯ ಬಿಡದೆ ಬಂದು ಅದೇ ಬೆಂಚಿನ ಮೇಲೆ ಕೂರುತ್ತಿದ್ದ. ಚೀಟಿ ಮಾಡಿಸುವುದಿಲ್ಲ. ಕೆಮ್ಮುವುದಿಲ್ಲ, ನರಳುವುದಿಲ್ಲ. ಅವಳನ್ನೇ ನೋಡುತ್ತಾನೆ.

ಅವಳು ಕಿರ್ಗಿಸ್ತಾನದಲ್ಲಿ ಓದಿ, ಇಲ್ಲಿಯ ಪರೀಕ್ಷೆಯನ್ನೂ ಪಾಸು ಮಾಡಿದವಳು. ಈ ಒಂದು ವರ್ಷದ ತರಬೇತಿಗೆ ಸಹಿ ಬಿದ್ದರೆ ಡಾಕ್ಟರು. ಬೀಳದಿದ್ದರೆ ಓದಿದ್ದೆಲ್ಲ ನೀರುಪಾಲು. ಸಹಿ ಹಾಕಬೇಕಾದವರು ದೊಡ್ಡ ಡಾಕ್ಟರು ಸೋಮಲಿಂಗ. ವಿಮಾನ ಹತ್ತಿ ಹೋಗಿ ಕಲಿತ ದೇಶಗಳೆಲ್ಲ ಅವರ ಲೆಕ್ಕದಲ್ಲಿ ರಷ್ಯಾವೇ.

"ಏ ರಷ್ಯಾ, ನೀ ಬಿಪಿ ಅಷ್ಟ ನೋಡು. ಸೂಜಿ ಮುಟ್ಟಬ್ಯಾಡ," ಎಂದು ರೋಗಿಗಳ ಎದುರೇ ಹೇಳಿದ್ದರು. ರೋಗಿಗಳೂ ಬೇಗ ಕಲಿತರು. ಅವಳ ಮುಂದೆ ತೋಳು ಚಾಚಿ ಮುಖ ಬೇರೆ ಕಡೆ ತಿರುಗಿಸಿಕೊಳ್ಳುತ್ತಿದ್ದರು. ಬೋನಿಗೆ ಬಿದ್ದ ಹಾಗಾಗಿತ್ತು ಅವಳಿಗೆ. ಬಿಟ್ಟು ಹೋದರೆ ಓದು ಹಾಳು, ಇದ್ದರೆ ಮಾನ ಹಾಳು.

"ಬೆಂಚಿನ ಮ್ಯಾಲೆ ಕೂಡ್ತಾನಲ್ಲ, ಆ ಕಂಬಳಿಯವ ಯಾರ್ರಿ?" ಎಂದು ನರ್ಸ್ ಕಾಸಿಂಬಿಯನ್ನು ಒಮ್ಮೆ ಕೇಳಿದ್ದಳು.

"ಮ್ಯಾಲಿನವರ ಕಡಿಯಾಂವ ಇರಬೇಕ್ರಿ. ಹುಷಾರಿರ್ರಿ."

ಅವನ ಪ್ರಶ್ನೆಗಳೂ ಹಾಗೆಯೇ ಇದ್ದವು. "ಖರೇನ ಅಲ್ಲೇ ಕಲ್ತೀರೇನ್ರಿ? ಥಂಡಿ ಎಷ್ಟ ಇರತೈತ್ರಿ ಅಲ್ಲಿ?" ಒಂದು ದಿನ ಹೆಗಲ ಮೇಲಿನ ಕರಿ ಕಂಬಳಿಯನ್ನು ಸವರಿ, "ಇದು ತಡೀತೈತೇನ್ರಿ ಆ ಥಂಡಿ?" ಎಂದ. ತನ್ನ ಪದವಿ ಸುಳ್ಳೆಂದು ಹಿಡಿಯಲು ಬಂದಿದ್ದಾನೆ ಎನಿಸಿ ಅವಳ ಮೈ ಉರಿಯಿತು. "ತಡೀತೈತಿ, ಹೋಗ್ರಿ," ಎಂದುಬಿಟ್ಟಳು. ಮರುವಾರದಿಂದ ಅವನ ಹೆಗಲ ಮೇಲೆ ಕಂಬಳಿ ಇರಲಿಲ್ಲ.

ಹೊರಡುವ ಮುನ್ನ ಗೇಟಿನ ಬಳಿ ನಿಂತು ಫೋನಿನಲ್ಲಿ ವರದಿ ಬೇರೆ. "ಇವತ್ತೂ ಬರೇ ಬಿಪಿ. ಸೂಜಿ ಮುಟ್ಟಾಕ ಕೊಟ್ಟಿಲ್ಲ."

ರಾಮಥಾಳದ ಹೊಲದಿಂದ ಹಾವು ಕಚ್ಚಿದ ಚಂದವ್ವನನ್ನು ಹೊತ್ತು ತಂದ ಮಧ್ಯಾಹ್ನವೂ ಅವನು ಬೆಂಚಿನ ಮೇಲಿದ್ದ. ದೊಡ್ಡ ಡಾಕ್ಟರು ತಮ್ಮ ಖಾಸಗಿ ಕ್ಲಿನಿಕ್ಕಿಗೆ ಹೋಗಿದ್ದರು. ಚಂದವ್ವನ ರೆಪ್ಪೆಗಳು ಜೋಲುತ್ತಿದ್ದವು, ಉಸಿರು ಸಿಕ್ಕಿಕೊಳ್ಳುತ್ತಿತ್ತು. ಯಾರಿಗಾಗಿಯೂ ಕಾಯುವ ಹೊತ್ತು ಅದಾಗಿರಲಿಲ್ಲ. ಪ್ರಿಯದರ್ಶಿನಿ ಸೂಜಿ ಚುಚ್ಚಿ ಹಾವಿನ ವಿಷದ ಮದ್ದು ಏರಿಸಿದಳು. ಮದ್ದಿಗೆ ಮೈತುಂಬ ದದ್ದು ಎದ್ದು ಇಳಿದವು, ಚಂದವ್ವ ಬದುಕಿದಳು.

ಸಂಜೆ ಗೇಟಿನ ಕಡೆಯಿಂದ ಮಾಳಪ್ಪನ ದನಿ ಕೇಳಿಸಿತು. "ಇವತ್ತ ಸೂಜಿ ಹಿಡದ ಬಿಟ್ಳು ನೋಡು!"

ದೊಡ್ಡ ಡಾಕ್ಟರನ್ನು ಕೇಳದೆ ಸೂಜಿ ಚುಚ್ಚಿದಳೆಂದು ಮರುದಿನವೇ ಅವಳ ಮೇಲೆ ದೂರು ಹೋಯಿತು.

ಈಗ ಬಾಗಲಕೋಟೆಯಿಂದ ಬಂದ ಅಧಿಕಾರಿಯ ಎದುರು ದೊಡ್ಡ ಡಾಕ್ಟರು ಸಲೀಸಾಗಿ ಹೇಳಿದರು: "ನಾ ಬಾಜೂ ಖೋಲಿಯೊಳಗ ಇದ್ದೆ. ಇಕಿ ನನ್ನ ಒಂದ ಮಾತು ಕೇಳ್ಲಿಲ್ಲ. ಇಂಥವರ ಕೈಯಾಗ ಜನರ ಜೀವಾ ಕೊಡೂದೇನ್ರಿ?"

ಕಾಸಿಂಬಿ ನೆಲ ನೋಡುತ್ತ, "ನನಗ ನೆನಪಿಲ್ರಿ," ಎಂದಳು. ಅವಳೂ ಅವರ ಕೈಕೆಳಗೇ ಬಾಳಬೇಕಿತ್ತು. ಚಂದವ್ವನಿಗೆ ಆಗ ಎಚ್ಚರವಿರಲಿಲ್ಲ. ಹೊತ್ತು ತಂದವರಿಗೆ ದೊಡ್ಡ ಡಾಕ್ಟರು ಯಾರೆಂಬುದೇ ಗೊತ್ತಿರಲಿಲ್ಲ.

"ಮತ್ತ ಯಾರರೆ ನೋಡ್ಯಾರೇನು?" ಅಧಿಕಾರಿ ಕೇಳಿದರು.

ಮಾಳಪ್ಪ ಎದ್ದು ಬಾಗಿಲಿಗೆ ಬಂದ. "ನಾ ನೋಡೇನ್ರಿ."

ಮುಗಿಯಿತು ಎಂದುಕೊಂಡಳು ಪ್ರಿಯದರ್ಶಿನಿ. ಎದ್ದು ಓಡೋಣವೆಂದರೆ ಬಾಗಿಲಲ್ಲಿ ಅವನೇ ನಿಂತಿದ್ದ.

"ದೊಡ್ಡ ಡಾಕ್ಟರು ಅವತ್ತ ಮುಂಜಾನಿ ಹೋದವರು ಹೊತ್ತ ಮುಳುಗೂತನಕಾ ಬಂದಿಲ್ರಿ. ಈ ಅವ್ವ ಕೈ ಹಚ್ಚದಿದ್ರ ಆ ಹೆಣ್ಮಗಳು ಉಳೀತಿದ್ದಿಲ್ಲ."

ಪ್ರಿಯದರ್ಶಿನಿಗೆ ತನ್ನ ಕಿವಿಯ ಮೇಲೇ ನಂಬಿಕೆ ಬರಲಿಲ್ಲ. ದೊಡ್ಡ ಡಾಕ್ಟರ ಮುಖ ಕಪ್ಪಿಟ್ಟಿತು. "ಇಂವ ಪೇಶಂಟೂ ಅಲ್ಲ, ಪೇಶಂಟಿನ ಕಡಿಯಾಂವನೂ ಅಲ್ಲ! ಇಲ್ಲಿ ಕುಂತು ಯಾರಿಗೆ ಫೋನ್ ಹಚ್ಚತಾನ, ಅದನ್ನ ಕೇಳ್ರಿ ಮೊದಲ!"

ಅಧಿಕಾರಿ ಪೆನ್ನು ಕೆಳಗಿಟ್ಟು ಮಾಳಪ್ಪನನ್ನು ನೋಡಿದರು. ಅವನು ಜೇಬಿನಿಂದ ಫೋನ್ ತೆಗೆದು, ಒತ್ತಿ, ಪ್ರಿಯದರ್ಶಿನಿಯ ಮುಖದ ಮುಂದೆ ಹಿಡಿದ.

ಪರದೆಯಲ್ಲಿ ಹುಡುಗಿಯೊಬ್ಬಳು ಕರಿ ಕಂಬಳಿ ಹೊದ್ದು ಕುಳಿತಿದ್ದಳು. ಅವಳ ಹಿಂದಿನ ಕಿಟಕಿಯ ತುಂಬ ಹಿಮ. "ಅಪ್ಪಾ, ಏನಾತು? ಡಾಕ್ಟರ್ ಅಕ್ಕಾರ ಕೆಲಸಾ ಉಳೀತೇನು? ನಾ ಇಲ್ಲೇ ಡಾಕ್ಟರಕಿ ಓದು ಮುಗಸ್ಲೋ, ಊರಿಗೆ ಬಂದ ಬಿಡ್ಲೋ?"