ಒಂದೇ ಚಮಚದ ಕೋಣೆ

ಆಗ್ನೆಟಾ ಎಸೆದ ಚಮಚ ಕಿಟಕಿಯಿಂದ ಹಾರಿ, ಕೋಟೆಯ ಗೋಡೆ ದಾಟಿ, ಕೆಳಗಿನ ಮುಳ್ಳುಪೊದೆಗೆ ಬಿತ್ತು. ಇಡೀ ಕೋಣೆಗೆ ಇದ್ದದ್ದು ಅದೊಂದೇ ಚಮಚ. ಕೋಟೆ ಕಾಯುವ ಲೊರೆನ್ಸ್ ನಿಟ್ಟುಸಿರು ಬಿಟ್ಟು ಇನ್ನೂರ ಹನ್ನೆರಡು ಮೆಟ್ಟಿಲು ಇಳಿದ. ಅವತ್ತಿಗೆ ಅದು ಮೂರನೇ ಸಲ.

ಟ್ರಾನ್ಸಿಲ್ವೇನಿಯಾದ ಆ ಕಾಗೆಗುಡ್ಡದ ಕೋಟೆ ಕಟ್ಟಿದ್ದು ತುರ್ಕರಿಗೆ ಹೆದರಿ. ಗೋಡೆ ಎಷ್ಟು ದಪ್ಪವೆಂದರೆ, ಒಳಗೆ ಸೀನಿದ್ದು ಹೊರಗೆ ಕೇಳಿಸುವುದು ಮರುದಿನ. ತುರ್ಕರು ನಾಲ್ಕು ಸಲ ಹತ್ತಿ ಬಂದು, ಏದುಸಿರು ಬಿಟ್ಟು, ನೀರು ಕುಡಿದು ವಾಪಸು ಹೋಗಿದ್ದರು. ಅವರು ಬರುವುದು ನಿಂತು ನೂರು ವರ್ಷವಾಗಿತ್ತು. ಈಗ ಕೋಟೆಗೆ ಉಳಿದಿದ್ದ ಕೆಲಸ ಒಂದೇ. ಸುತ್ತಲ ಏಳು ಹಳ್ಳಿಗಳಲ್ಲಿ ಯಾವ ಗಂಡಹೆಂಡತಿ ಬೇರೆಯಾಗಬೇಕೆಂದರೂ ಮೊದಲು ಇಲ್ಲಿಗೆ ಬರಬೇಕು. ಒಂದು ಕೋಣೆ, ಒಂದು ಮಂಚ, ಒಂದು ತಟ್ಟೆ, ಒಂದು ಚಮಚ. ಹದಿನಾಲ್ಕು ದಿನ ಹೊರಗಿನಿಂದ ಚಿಲಕ. ಅಷ್ಟಾದರೂ ಕೂಡದಿದ್ದರೆ ಬಿಡುಗಡೆ.

ಕಳೆದ ವರ್ಷ ಒಂದು ಜೋಡಿ ಆರನೇ ದಿನವೇ ಕಿಟಕಿಯಿಂದ ಇಳಿದು ಬೇರೆ ಬೇರೆ ದಿಕ್ಕಿಗೆ ಓಡಿತ್ತು. ಇನ್ನೊಂದು ಜೋಡಿ ಹೀಗೆ ಕೂಡದೆ ಹೋದರೆ ಕೋಟೆ ಕೆಡವಿ ಕಲ್ಲನ್ನು ಹೊಳೆಯ ಸೇತುವೆಗೆ ಸಾಗಿಸುತ್ತೇವೆ ಎಂದು ಹಳ್ಳಿಗಳ ಹಿರಿಯರು ಅಂದೇ ಹೇಳಿಬಿಟ್ಟಿದ್ದರು. ಲೊರೆನ್ಸ್ ಹುಟ್ಟಿದ್ದು ಅದೇ ಕೋಟೆಯಲ್ಲಿ. ಅವನ ಅಪ್ಪ, ಅಜ್ಜ ಕೂಡಿದ ಜೋಡಿಗಳಿಗೆ ಗೋಪುರದ ಗಂಟೆ ಬಾರಿಸುತ್ತ ಮುದುಕರಾದವರು.

ಅಂಥ ಹೊತ್ತಿನಲ್ಲಿ ಗುಡ್ಡದಾಚೆಯ ಹಳ್ಳಿಯಿಂದ ಸಿಮೋನ್ ಮತ್ತು ಆಗ್ನೆಟಾ ಬಂದರು. ಏಳು ಹಳ್ಳಿಯ ಹಿರಿಯ ಪಾದ್ರಿ ಗುಂಡಿಶರ ಅಂಗಳದಲ್ಲಿ, ಕೋಳಿಗಳೆಲ್ಲ ಮರ ಹತ್ತುವಷ್ಟು ಜಗಳವಾಡಿದರು. ಗುಂಡಿಶರು ಆ ಸೀಮೆಗೆ ಬಂದು ಎರಡೇ ತಿಂಗಳು. ಗಾಬರಿಯಲ್ಲಿ, ಅವರೂರ ಪಾದ್ರಿ ಬರೆದ ಮದುವೆಯ ಕಾಗದ ಕೇಳುವುದನ್ನೂ ಮರೆತು, ತಾವೇ ಬೆಟ್ಟ ಹತ್ತಿ ಚಿಲಕ ಹಾಕಿದರು.

ಲೊರೆನ್ಸ್ ಮಾಡದ ಉಪಾಯವಿಲ್ಲ. ಗೋಪುರದ ತಂಪಿನಲ್ಲಿ ತೂಗುಹಾಕಿದ್ದ ತನ್ನ ಪಾಲಿನ ಹಂದಿಮಾಂಸದಲ್ಲಿ ಒಳ್ಳೆಯ ತುಂಡನ್ನೇ ಕೊಯ್ದು ಕೊಟ್ಟ. ಹೆಂಡತಿಯ ಕೈಯಲ್ಲಿ ಎಲೆಕೋಸಿನ ಸಾರು ಮಾಡಿಸಿ ತಂದ. ಆಗ್ನೆಟಾ ಮತ್ತೆ ಮತ್ತೆ ಬಡಿಸಿಕೊಂಡಳು. ಸಿಮೋನ್ ಬಾಯಿ ಬಿಟ್ಟುಕೊಂಡು ನೋಡಿದ.

"ಇವ್ಳಿಗೆ ಕೋಸು ಇಷ್ಟ ಅಂತ ನಂಗೆ ಇವತ್ತೇ ಗೊತ್ತಾಗಿದ್ದು," ಎಂದ.

ಮದುವೆಯಾಗಿ ಎಷ್ಟು ವರ್ಷವಾಯಿತಪ್ಪ ಎಂದು ಲೊರೆನ್ಸ್ ಕೇಳಿದ.

"ಮೂರು," ಎಂದ ಸಿಮೋನ್.

"ನಾಲ್ಕು," ಎಂದಳು ಆಗ್ನೆಟಾ, ಅದೇ ಉಸಿರಿನಲ್ಲಿ.

ಇದಕ್ಕೂ ಜಗಳವೇ ಎಂದು ಲೊರೆನ್ಸ್ ತಲೆಯ ಮೇಲೆ ಕೈ ಹೊತ್ತು ಕೂತ. ಸಾಲದ್ದಕ್ಕೆ ದಿನಾ ಬೆಳಿಗ್ಗೆ ಸಿಮೋನನ ಕೋಟಿನ ತುಂಬ ನೆಲದ ಹುಲ್ಲು. ಇರುವ ಒಂದು ಮಂಚದಲ್ಲೂ ಅವಳೊಬ್ಬಳೇ.

ಹನ್ನೆರಡನೇ ದಿನ ಹಿರಿಯರು ಹಗ್ಗ ತಂದು ಗೋಡೆ ಅಳೆಯತೊಡಗಿದರು. ಲೊರೆನ್ಸ್ ಬಾಗಿಲಿಗೆ ಬಾಯಿ ಹಚ್ಚಿದ.

"ಮಗಳೇ, ಆಮೇಲೆ ಮನೆಗೆ ಹೋಗಿ ಅವನ ಜುಟ್ಟು ಬೇಕಾದ್ರೂ ಕಿತ್ಕೋ. ಈಗೊಂದ್ಸಲ ರಾಜಿಯಾಗಿ ನನ್ನ ಮನೆ ಉಳಿಸು."

"ಹದಿನಾಲ್ಕು ದಿನ ಮುಗೀಲಿ ಮಾಮ. ಪದ್ಧತಿ ಮುರೀಬಾರ್ದು," ಎಂದಳು ಅವಳು. ದನಿಯಲ್ಲಿ ಸಿಟ್ಟೇ ಇರಲಿಲ್ಲ. ಲೊರೆನ್ಸನಿಗೆ ಅದರಿಂದಲೇ ಇನ್ನೂ ಭಯವಾಯಿತು.

ಹದಿನಾಲ್ಕು ದಿನ ಮುಗಿದ ಬೆಳಿಗ್ಗೆ ಚಿಲಕ ತೆಗೆದರೆ, ಇಬ್ಬರೂ ಕೈ ಕೈ ಹಿಡಿದು ನಿಂತಿದ್ದರು. ಲೊರೆನ್ಸ್ ಅಲ್ಲೇ ಕೂತು ಅತ್ತುಬಿಟ್ಟ. ಕೂಡಿದ ಜೋಡಿ ಕೋಟೆಯ ಪ್ರಾರ್ಥನಾಮಂದಿರದಲ್ಲಿ ಮತ್ತೊಮ್ಮೆ ಮಾತು ಕೊಡುವುದು ಪದ್ಧತಿ. ಗುಂಡಿಶರು ಕೇಳಿದ್ದಕ್ಕೆಲ್ಲ ಸಿಮೋನ್ ಗಟ್ಟಿಯಾಗಿ ಹೂಂ ಎಂದ. ಆಗ್ನೆಟಾ ಕೇಳಿ ಮುಗಿಸುವ ಮೊದಲೇ ಹೂಂ ಎಂದಳು. ಆಮೇಲೆ ಅವಳು, ನಮ್ಮೂರಲ್ಲಿ ಯಾರೂ ಇದನ್ನು ನಂಬುವುದಿಲ್ಲ, ಮುದ್ರೆ ಒತ್ತಿ ಒಂದು ಕಾಗದ ಬರೆದುಕೊಡಿ ಎಂದಳು. ಗುಂಡಿಶರು ಖುಷಿಯಾಗಿ ಬರೆದುಕೊಟ್ಟರು. ಹಿರಿಯರು ಹಗ್ಗ ಸುತ್ತಿಟ್ಟು ತಾವೇ ಸಾಕ್ಷಿಗೆ ಸಹಿ ಹಾಕಿದರು.

ಲೊರೆನ್ಸ್ ಗೋಪುರ ಹತ್ತಿ, ಏಳು ಹಳ್ಳಿಗೂ ಕೇಳುವಂತೆ ಗಂಟೆ ಬಾರಿಸಿದ. ಬೆವರು ಒರೆಸಿಕೊಳ್ಳಲು ನಿಂತಾಗ, ಕೆಳಗೆ ಮೆಟ್ಟಿಲ ತಿರುವಿನಲ್ಲಿ ಕೂತಿದ್ದ ಅವರಿಬ್ಬರ ಮಾತು ಗಾಳಿಯಲ್ಲಿ ತೇಲಿ ಬಂತು. ನಿಮ್ಮಪ್ಪ ಏನಂತಾರೋ ಎಂದು ಸಿಮೋನ್ ಕೇಳುತ್ತಿದ್ದ.

"ಏನಾದ್ರೂ ಅನ್ಲಿ. ಅಪ್ಪನಿಗೆ ಹೆದ್ರಿ ನಮ್ಮೂರ ಪಾದ್ರಿ ಮಾಡ್ಸೋದೇ ಇಲ್ಲ ಅಂದ ಮದುವೇನ ಇವ್ರು ಎಷ್ಟು ಚೆನ್ನಾಗಿ ಮಾಡ್ಸಿದ್ರು ನೋಡು."