ಒಗ್ಗದ ಔಷಧಿಯ ಹೆಸರು

"ಹೋದ ಸಲ ಇವರಿಗೆ ಯಾವ ಔಷಧಿ ಒಗ್ಗಲಿಲ್ಲ? ಇನ್ನು ಜಾಸ್ತಿ ಕಾಯೋಕಾಗಲ್ಲ," ಎಂದರು ಡಾಕ್ಟರು. ಜ್ವರದಲ್ಲಿ ಪ್ರಜ್ಞೆ ತಪ್ಪಿದ್ದ ತಮ್ಮನ ಪಾದ ಹಿಡಿದು ನಿಂತಿದ್ದ ಅಕ್ಕನಿಗೆ, ಅಂದು ಊದಿಕೊಂಡಿದ್ದ ಅವನ ಮುಖ ಕಣ್ಣಿಗೆ ಕಟ್ಟಿದಂತಿತ್ತು; ಹೆಸರು ಮಾತ್ರ ನಾಲಿಗೆಯ ತುದಿಯಲ್ಲೇ ಕೂತಿತ್ತು.

"ನಿಂತಲ್ಲೇ ತಲೆ ಚಚ್ಚಿಕೊಂಡ್ರೆ ಬರಲ್ಲಮ್ಮ. ಬೇಗ ನಾಲ್ಕು ಸಲ ಮೆಟ್ಟಿಲು ಹತ್ತಿ ಇಳೀರಿ," ಎಂದಳು ನರ್ಸು. ಇದೇನು ಹುಡುಗಾಟವೇ ಎಂದು ಅಕ್ಕನಿಗೆ ಸಿಟ್ಟು ಬಂತು. ಆದರೂ ಚಪ್ಪಲಿ ಬಿಟ್ಟು ಓಡಿದಳು.

ಮೂರನೇ ಸಲ ಹತ್ತುವಾಗ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಹೆಸರಿನ ಯೋಚನೆಯೇ ಬಿಟ್ಟುಹೋಗಿ, ಬರೀ ಉಸಿರಿಗಾಗಿ ಒದ್ದಾಡುತ್ತಿದ್ದಾಗ ಅದು ತಾನಾಗಿಯೇ ಬಾಯಿಗೆ ಬಂತು.

"ಪೆನಿಸಿಲಿನ್," ಎಂದಳು, ಓಡಿ ಬಂದು ಬಾಗಿಲಿಗೆ ಒರಗಿ ಏದುಸಿರು ಬಿಡುತ್ತ.

ತಮ್ಮನ ತೋಳಿಗೆ ಸ್ಪಿರಿಟ್ ಒರೆಸುತ್ತಿದ್ದ ಡಾಕ್ಟರು, ತುಂಬಿಟ್ಟಿದ್ದ ಸಿರಿಂಜನ್ನು ಕಸದ ಡಬ್ಬಿಗೆ ಹಾಕಿದರು.